ಭಾರತ ವೈನಿ

ಸರ್ಕಾರಿ ಗೋಡೆಯ ಮೇಲೆ ನಿಂತ ಭಾರತಮಾತೆಗೆ ಜಡೆ ಹೆಣೆದ ಹೆಂಗಸು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಹುಡುಕಿದರೂ ಒಬ್ಬಳೇ ಸಿಕ್ಕಾಳು. ಆಕೆ ನನ್ನ ಅತ್ತೆ. ಸೋದರತ್ತೆಯಲ್ಲ, ಗಂಡನ ತಾಯಿ! ಹೆಸರು ಮಾತ್ರ ಕೇಳಬೇಡಿ. ಹೆಸರು ಹಾಕಿ ಬರೆದೆ ಎಂದು ಗೊತ್ತಾದರೆ, ತೀರಿಕೊಂಡು ಇಷ್ಟು ವರ್ಷವಾದ ಮೇಲೂ ಎದ್ದು ಬಂದು, "ಏನ ಬಾಯಿ, ನನ್ನ ಪೇಪರದಾಗ ಹಾಕಿಸಿದ್ಯಾ?" ಎಂದು ಕೇಳದೆ ಬಿಡುವವರಲ್ಲ.

"ಬಾಯಿ" ಎಂದರೆ ನಾನು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಬಾಯಿ ಎನ್ನುತ್ತಾರೆ. ಊರಿನವರು ಮರ್ಯಾದೆಯಿಂದ ಬಾಯಾರು ಎಂದರೆ, ಅತ್ತೆ ಅದರಿಂದ ಮರ್ಯಾದೆಯನ್ನು ತೆಗೆದಿಟ್ಟು ಬರೀ ಬಾಯಿ ಎನ್ನುತ್ತಿದ್ದರು. ನಾನು ಬಿಜಾಪುರ ಶಹರದಲ್ಲಿ ಬೆಳೆದವಳು, ಟ್ರೇನಿಂಗ್ ಮುಗಿಸಿದವಳು. ಮದುವೆಯಾಗಿ ಬಂದದ್ದು ಜತ್ತ ತಾಲೂಕಿನ, ಸೊರಡಿಯಿಂದ ನಡೆದುಹೋಗಬಹುದಾದಷ್ಟು ದೂರದ ಒಂದು ಹಳ್ಳಿಗೆ. ರಾಜ್ಯ ಮಹಾರಾಷ್ಟ್ರ, ಸಾಲಿ ಕನ್ನಡ. ಪಾಠ ಕನ್ನಡದಲ್ಲಿ, ಕಾಗದಪತ್ರ ಮರಾಠಿಯಲ್ಲಿ, ಹುಡುಗರಿಗೆ ಬೈಯುವುದು ಎರಡರಲ್ಲೂ. ಮನೆಯಲ್ಲಿ ಮಾವ, ನನ್ನ ಗಂಡ, ಇಬ್ಬರು ಮೈದುನರು. ನಾಲ್ಕೂ ಮಂದಿ ಹೊಲ ಮತ್ತು ಕುರಿ ಎಂದು ಹೊತ್ತು ಹುಟ್ಟುವುದರೊಳಗೆ ಉಂಡು ಹೊರಡುವವರು. ಅವರ ಹಿಂದೆಯೇ ನಾನೂ ಬಿಸಿ ರೊಟ್ಟಿ ತಿಂದು ಸಾಲಿಗೆ ಓಡುತ್ತಿದ್ದೆ. ಮಧ್ಯಾಹ್ನದ ಬುತ್ತಿಯನ್ನು ಅತ್ತೆ ತಾವೇ ಸಾಲಿಗೆ ತರುತ್ತಿದ್ದರು.

ಸೊಸೆಯ ಬುತ್ತಿ ಹೊತ್ತು ಬರುವ ಅತ್ತೆ! ಊರಲ್ಲಿ ಇದಕ್ಕೇ ಅರ್ಧ ಮಂದಿ ಅವರಿಗೆ ತಲೆ ಸರಿಯಿಲ್ಲ ಎಂದು ತೀರ್ಮಾನಿಸಿದ್ದರು. ಉಳಿದ ಅರ್ಧ ಮಂದಿ ತೀರ್ಮಾನಿಸಿದ್ದು ಭಾರತಮಾತೆಯ ಪ್ರಕರಣದ ನಂತರ.

ನಮ್ಮ ಹೆಡ್‌ಮಾಸ್ತರರು ಯಾವುದೋ ಬೀಜದಂಗಡಿಯ ಕ್ಯಾಲೆಂಡರಿನಿಂದ ತಿಂಗಳುಗಳನ್ನೆಲ್ಲ ಹರಿದು, ಮೇಲಿನ ಚಿತ್ರಕ್ಕೆ ಗಾಜಿಲ್ಲದ ಕಟ್ಟು ಹಾಕಿಸಿ ಸಾಲಿಯ ಪಡಸಾಲೆಯಲ್ಲಿ ತೂಗುಹಾಕಿದ್ದರು. ಕಿರೀಟ, ಕೈಯಲ್ಲಿ ಬಾವುಟ, ಪಕ್ಕದಲ್ಲಿ ಸಿಂಹ, ಬೆನ್ನ ಹಿಂದೆ ನಕಾಶೆ, ಗಾಳಿಗೆ ಹಾರುವ ಉದ್ದ ಕೂದಲು. ಒಂದು ದಿನ ಬುತ್ತಿ ತಂದ ಅತ್ತೆ ಅದರ ಮುಂದೆ ನಿಂತರು.

"ಯಾರ ಈಕಿ?"

"ಭಾರತಮಾತಾ ರೀ ಅತ್ತಿ. ನಮ್ಮ ದೇಶ."

"ದೇಶ ಅಂದ್ರ ಹೊಲ, ಗುಡ್ಡ, ಊರು ಅಲ್ಲೇನು? ಹೆಣ್ಮಗಳ ಹೆಂಗಾದಳು?"

"ಕವಿಗಳು ಹಂಗ ಮಾಡ್ಯಾರ್ರಿ. ದೇಶಾನ ಹೆಣ್ಮಗಳು ಅಂತ ತಿಳಕೊಂಡು ಹಾಡ ಕಟ್ಟತಾರ."

ಅತ್ತೆ ನಕ್ಕುಬಿಟ್ಟಿದ್ದರೆ ನಾನು ಬದುಕುತ್ತಿದ್ದೆ. ನಗಲಿಲ್ಲ, ನಂಬಿದರು! ನಾವೆಲ್ಲ ತಾಯಿ ಎಂದು ಹಾಡಿ, ಕೈಮುಗಿದು, ಮುಂದಿನ ತಾಸಿನ ಗಣಿತಕ್ಕೆ ಹೋಗುವ ಮಂದಿ. ಅತ್ತೆಯ ಲೆಕ್ಕದಲ್ಲಿ ಒಮ್ಮೆ ಹೆಣ್ಣುಮಗಳು ಅಂದಮೇಲೆ ಹೆಣ್ಣುಮಗಳೇ. ಆಕೆಗೆ ಹಸಿವು, ನಿದ್ದೆ, ಸೊಂಟನೋವು ಎಲ್ಲ ಇರಲೇಬೇಕು.

"ಕೂದಲ ಯಾಕ ಹರವಿಕೊಂಡಾಳ? ಮನ್ಯಾಗ ಏನರ ಕೆಟ್ಟದ್ದಾಗೇತೇನು?"

"ಚಿತ್ರದಾಗ ಹಂಗ ಬರೀತಾರ್ರಿ."

"ಬರದಾಂವ ಗಂಡಸ ಇರಬೇಕು. ಇಷ್ಟುದ್ದ ಕೂದಲ ಗಾಳಿಗೆ ಬಿಟ್ಟಗೊಂಡು ನಿಂತರ ಆಮ್ಯಾಲೆ ಸಿಕ್ಕ ಬಿಡಸವರ ಯಾರು? ಅವರಪ್ಪ?"

ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಮರುದಿನ ನಾನು ಮೂರನೇ ಇಯತ್ತೆಯ ಹುಡುಗರಿಗೆ ಮಗ್ಗಿ ಹೇಳಿಸುತ್ತಿರುವಾಗ ಅತ್ತೆ ಸ್ಟೂಲು ಹತ್ತಿ, ಮನೆಯಿಂದ ತಂದ ಕಾಡಿಗೆಯಲ್ಲಿ ಬೆರಳದ್ದಿ, ಹಾರುವ ಕೂದಲನ್ನೆಲ್ಲ ಒಟ್ಟುಮಾಡಿ ಸೊಂಟದವರೆಗೆ ದಪ್ಪನೆಯ ಜಡೆ ಎಳೆದಿದ್ದರು. ತುದಿಗೆ ಕುಂಕುಮದ ಕೆಂಪು ರಿಬ್ಬನ್ನು ಬೇರೆ! ಹೆಡ್‌ಮಾಸ್ತರರು ಓಡಿಬಂದರು.

"ಏನ ಮಾಡಿದಿರಿ ಇದು! ಸರ್ಕಾರಿ ಸಾಮಾನ ಐತಿ!"

"ಸಾಮಾನ ಸರ್ಕಾರದ್ದ ಇರಲಿ ಗುರೂಜಿ, ಕೂದಲ ಆಕೀವು."

ಹೆಡ್‌ಮಾಸ್ತರರು ಒದ್ದೆ ಬಟ್ಟೆಯಿಂದ ಒರೆಸಲು ಹೋದರು. ಕಾಡಿಗೆ ಹರಿದು ಸಿಂಹದ ಮುಖದ ಮೇಲೆಲ್ಲ ಇಳಿದು, ಅದಕ್ಕೆ ನಮ್ಮೂರ ಪೊಲೀಸ್ ಪಾಟೀಲರಂಥ ಮೀಸೆ ಬಂತು. ಇನ್ನೊಮ್ಮೆ ಒರೆಸಿದರೆ ಏನೇನು ಬರುತ್ತದೋ ಎಂದು ಹೆದರಿ ಅಲ್ಲಿಗೇ ಬಿಟ್ಟರು.

ಅದಾದ ಮೇಲೆ ಅತ್ತೆಯ ತಲೆಯಲ್ಲಿ ಇನ್ನೊಂದು ಪ್ರಶ್ನೆ ಹೊಕ್ಕಿತು. ಈಕೆಯನ್ನು ಎಲ್ಲರೂ ತಾಯಿ ತಾಯಿ ಎನ್ನುತ್ತಾರಲ್ಲ, ಈಕೆ ನಮ್ಮ ಮನೆಗೆ ಬಂದದ್ದು ಯಾವಾಗ? ನಾನು ಹೆಮ್ಮೆಯಿಂದ ಸ್ವಾತಂತ್ರ್ಯದ ವರ್ಷ ಹೇಳಿದೆ. ಅತ್ತೆ ಬೆರಳು ಮಡಚಿದರು.

"ಹಂಗಾರ ನನ್ನ ಲಗ್ನಾಗಿ, ನಿನ್ನ ಗಂಡ ಹುಟ್ಟಿ, ಅಂವ ಅಂಬೆಗಾಲಿಡೂ ಹೊತ್ತಿಗೆ ಬಂದಾಳ. ನನಗಿಂತ ಹಿಂದಾಗಡೆ ಬಂದಾಕಿ ನನಗ ತಾಯಿ ಹೆಂಗ ಆಗತಾಳ?"

"ದೇಶ ಹಳೇದು ರೀ ಅತ್ತಿ, ಸಾವಿರಾರು ವರ್ಷದ್ದು. ನಮ್ಮ ಕೈಗೆ ಬಂದದ್ದಷ್ಟ ಆವಾಗ."

"ಅದನ್ನ ನಾ ಹೇಳೂದು! ನೀನೂ ನಿಮ್ಮಪ್ಪನ ಮನ್ಯಾಗ ಇಪ್ಪತ್ತ ವರ್ಷ ಇದ್ದಿಲ್ಲೇನು? ನಮ್ಮ ಮನಿಗೆ ಬಂದದ್ದ ಮೊನ್ನಿ. ನೀ ನನಗ ಏನಾಗತಿ?"

"ಸೊಸಿ..."

"ಆಕೀನೂ ಸೊಸಿ!"

ಟ್ರೇನಿಂಗ್ ಕಾಲೇಜಿನಲ್ಲಿ ನನಗೆ ಇತಿಹಾಸದಲ್ಲಿ ಫಸ್ಟ್ ಕ್ಲಾಸ್ ಬಂದಿತ್ತು. ಈ ವಾದಕ್ಕೆ ಅದು ಯಾವ ಕೆಲಸಕ್ಕೂ ಬರಲಿಲ್ಲ. ಆಕೆಯ ತವರು ಯಾವುದು ಎಂದು ಕೇಳಿದರು, ಆಕೆಗೆ ತವರು ಅಂತ ಇಲ್ಲ ಅಂದೆ. "ಪಾಪ, ತವರಿಲ್ಲದ ಕೂಸು" ಎಂದು ಕಣ್ಣೊರೆಸಿಕೊಂಡರು. ಗುಡ್ಡಾಪುರದ ದಾನಮ್ಮದೇವಿಗೆ ಹೋದಾಗ ತಂದ ಕುಂಕುಮದಲ್ಲಿ ಒಂದು ಚಿಟಿಕೆ ಈಕೆಯ ಹಣೆಗೂ ಬಂತು. ಬುತ್ತಿ ತಂದಾಗಲೆಲ್ಲ ಪಡಸಾಲೆಯಲ್ಲಿ ಆಡುವ ಹುಡುಗರನ್ನು ಕೂರಿಸಿಕೊಂಡು, ಈಕೆ ನಮ್ಮೆಲ್ಲರ ಮನೆಯ ಸೊಸೆ, ಈಕೆಗೆ ಕೆಲಸ ಭಾಳ, ನೀವು ಹೇಳಿದ ಮಾತು ಕೇಳಬೇಕು ಎಂದು ತಮ್ಮದೇ ಪಾಠ ಮಾಡತೊಡಗಿದರು.

ಆ ಪಾಠದ ಫಲ ತಿಂಗಳೊಳಗೆ ಬಂತು. ತಾಲೂಕಿನಿಂದ ಸಾಲಿ ತಪಾಸಣೆಗೆ ಸಾಹೇಬರು ಬಂದರು. ಮರಾಠಿ ಮಂದಿ, ಆದರೆ ಕನ್ನಡ ಚೆನ್ನಾಗಿ ಗೊತ್ತು. ಚಿತ್ರದ ಜಡೆಯನ್ನೂ ಸಿಂಹದ ಮೀಸೆಯನ್ನೂ ಒಂದು ನಿಮಿಷ ನೋಡಿದರು. ಎರಡನೇ ಇಯತ್ತೆಯ ಹುಡುಗನೊಬ್ಬನನ್ನು ಎಬ್ಬಿಸಿ ಕೇಳಿದರು:

"ಬಾಳಾ, ಇವರು ಯಾರು?"

"ಭಾರತ ರೀ."

"ಶಾಬಾಶ್! ನಿನಗ ಇವರು ಏನಾಗಬೇಕು?"

ಹುಡುಗ ಎದೆ ಸೆಟೆಸಿ ಹೇಳಿದ, "ವೈನಿ ರೀ!"

ಅಣ್ಣನ ಹೆಂಡತಿ! ಮನೆಯ ಸೊಸೆ ಅಂದಮೇಲೆ ಹುಡುಗರಿಗೆ ವೈನಿಯಲ್ಲದೆ ಮತ್ತೇನು? ಲೆಕ್ಕ ಸರಿಯಾಗಿಯೇ ಇತ್ತು. ಹೆಡ್‌ಮಾಸ್ತರರ ಹಣೆಯಲ್ಲಿ ಬೆವರು. ನಾನು ಹಾಜರಿ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ. ಸಾಹೇಬರು ಮಾತ್ರ ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನಕ್ಕರು. ಆಮೇಲೆ ಷರಾ ಪುಸ್ತಕದಲ್ಲಿ "ಮಕ್ಕಳಿಗೆ ದೇಶದ ಬಗ್ಗೆ ಮನೆಯವರ ಹಾಗೆ ಪ್ರೀತಿ ಇದೆ" ಎಂದು ಮರಾಠಿಯಲ್ಲಿ ಬರೆದುಹೋದರು.

ನಮ್ಮ ಹೆಡ್‌ಮಾಸ್ತರರು ಸ್ವತಃ ಕವಿಗಳು. ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಭಾರತಮಾತೆಯ ಮೇಲೆ ಹೊಸ ಹಾಡು ಕಟ್ಟಿ ಹುಡುಗರಿಂದ ಹಾಡಿಸುವುದು ಅವರ ವ್ರತ. ಕೆಟ್ಟ ಮನುಷ್ಯರಲ್ಲ ಪಾಪ, ಆದರೆ ಕವಿತೆಯಲ್ಲಿ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಾನು ಮನೆಯಲ್ಲಿ ಹಾಡು ಕಲಿಯುವಾಗ ಅತ್ತೆ ಜೋಳ ಹಸನು ಮಾಡುತ್ತಾ ಕೇಳುತ್ತಿದ್ದರು.

"ಹಿಮಗಿರಿಯೇ ನಿನ್ನ ಮುಕುಟ" ಎಂದು ನಾನು ಶುರುಮಾಡಿದೆ.

"ಅಂದ್ರ?"

"ಹಿಮಾಲಯ ಪರ್ವತ ಆಕಿ ತಲಿ ಮ್ಯಾಗಿನ ಕಿರೀಟ ಅಂತ ರೀ."

"ಬರ್ಫ ಇರತೈತಿ ಅಂದಿದ್ದಿ ಅಲ್ಲಿ?"

"ಹೌದ್ರಿ."

"ವರ್ಷಾನಗಟ್ಟಲೆ ತಲಿ ಮ್ಯಾಲೆ ಬರ್ಫ ಹೊತಗೊಂಡು ನಿಂತರ ನೆಗಡಿ ಆಗೂದಿಲ್ಲೇನು? ಮುಂದ ಹೇಳು."

"ಸಾಗರವು ನಿನ್ನ ಪಾದ ತೊಳೆವುದು..."

ಅತ್ತೆ ಮೊರ ಕೆಳಗಿಟ್ಟರು. "ಹಗಲೆಲ್ಲಾ ಕಾಲ ನೀರಾಗ ಇಟ್ಟರ ಹಿಮ್ಮಡ ಬಿರಿತಾವ. ಅದ ಬ್ಯಾರೆ ಮಾತ. ನಾವಿಲ್ಲಿ ಕುಡಿಯೂ ನೀರಿಗೆ ಹರದಾರಿ ನಡೀತೀವಿ, ಅಲ್ಲಿ ಬರೇ ಕಾಲ ತೊಳಿಯಾಕ ಸಮುದ್ರ ಇಟ್ಟಾರಂತ! ಮುಂದ?"

ಮುಂದೆ ಸಿಂಹವಾಹಿನಿ ಎಂದಿತ್ತು. ಹೇಳುವ ಧೈರ್ಯವಾಗಲಿಲ್ಲ. ಸಿಂಹಕ್ಕೆ ದಿನಕ್ಕೆ ಎಷ್ಟು ಕುರಿ ಬೇಕು, ಅವು ಯಾರ ಹಟ್ಟಿಯಿಂದ ಹೋಗುತ್ತವೆ ಎಂಬ ಪ್ರಶ್ನೆ ಬರುವುದು ಖಂಡಿತವಿತ್ತು.

ಇದೆಲ್ಲ ನಗೆಯ ಮಾತಾಯಿತು. ಆದರೆ ನಕ್ಕ ಮೇಲೂ ಅತ್ತೆಯ ಕೆಲವು ಮಾತನ್ನು ಮರೆಯಲು ಆಗುತ್ತಿರಲಿಲ್ಲ. ನಾಗರಿಕಶಾಸ್ತ್ರದ ಪಾಠದಲ್ಲಿ ಸಮಾನತೆ ಎಂಬ ಪದ ಬಂದಿತ್ತು. ಎಲ್ಲ ಹುಡುಗರೂ ವ್ಯಾಖ್ಯೆ ಬಾಯಿಪಾಠ ಮಾಡಿದ್ದರು, ಒಬ್ಬನಿಗೂ ತಿಳಿದಿರಲಿಲ್ಲ. ಮನೆಗೆ ಬಂದು ಗೊಣಗಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಅದರಾಗ ಏನೈತಿ? ಈ ರೊಟ್ಟಿ ನೋಡು. ಯಾರ ತಾಟಿಗೆ ಬೀಳತೈತಿ ಅಂತ ನನಗ ಗೊತ್ತಿಲ್ಲ. ನಿನ್ನ ಮಾವಂದೊ, ಸಣ್ಣಾಂವಂದೊ, ಬಾಗಲಿಗೆ ಬಂದ ಭಿಕ್ಷಾದವಂದೊ. ಗೊತ್ತಿಲ್ಲಂತನ ಎಲ್ಲಾ ಒಂದ ಅಳತಿ ಬಡೀತೀನಿ. ನಿಮ್ಮ ಸಾಲ್ಯಾಗ ಇದಕ್ಕ ಏನೋ ಹೆಸರ ಇಟ್ಟಾರ."

ಮರುದಿನ ನಾನು ಹಾಗೆಯೇ ಹೇಳಿದೆ. ಇಡೀ ವರ್ಗಕ್ಕೆ ಒಂದೇ ಏಟಿಗೆ ತಿಳಿಯಿತು. ನನ್ನದೇ ಬುದ್ಧಿ ಎಂಬಂತೆ ಹೇಳಿದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ಎಪ್ಪತ್ತೊಂದರ ಯುದ್ಧದ ದಿನಗಳಲ್ಲಿ ಊರಿನ ಗಂಡಸರೆಲ್ಲ ಚಾವಡಿಯ ರೇಡಿಯೊ ಸುತ್ತ. ಅತ್ತೆಯೂ ಸೆರಗು ಹೊದ್ದು ಒಂದು ಮೂಲೆಯಲ್ಲಿ ಕೂರುತ್ತಿದ್ದರು. ವಿಮಾನ, ತೋಪು, ಗಡಿ ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳುವರು, "ಎಲ್ಲಾ ಹೇಳಿದ. ಆಕಿ ಹೆಂಗದಾಳ ಅಂತ ಹೇಳಿದನೇನು?" ಗಂಡಸರು ನಗುವರು. ಮನೆಗೆ ಬರುತ್ತ ಅತ್ತೆ ನನಗೆ ಹೇಳಿದರು, "ಮನ್ಯಾಗ ಗಂಡಸರು ಬಡಿಗಿ ತಗೊಂಡು ಹೊರಗ ಹೋದರ ಒಳಗ ಸೊಸಿ ಜೀವ ಏನಾಗಿರತೈತಿ, ರೇಡಿಯೋದವಗ ಏನ ಗೊತ್ತು!"

ಮುಂದಿನ ವರ್ಷ ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬುತ್ತಿತ್ತು. ಸಾಲಿಯಲ್ಲಿ ದೊಡ್ಡ ಕಾರ್ಯಕ್ರಮ, ಹಿಂದೆ ತಪಾಸಣೆಗೆ ಬಂದಿದ್ದ ಸಾಹೇಬರೇ ಪಾಹುಣೆ, ಅಂದರೆ ಮುಖ್ಯ ಅತಿಥಿ. ಆ ಸುದ್ದಿ ತಿಳಿದ ದಿನ ಅತ್ತೆ ಬುತ್ತಿ ಕೊಟ್ಟು ಹೋಗದೆ ಹೊಸ್ತಿಲಲ್ಲಿ ನಿಂತರು. ಎಂದೂ ಹೊಸ್ತಿಲಲ್ಲಿ ನಿಲ್ಲುವವರಲ್ಲ.

"ಬಾಯಿ, ನಾ ಒಂದ ಹಾಡ ಕಟ್ಟೀನಿ. ಆಕೀದು. ಹುಡುಗರ ಕಡಿಂದ ಹಾಡಸ್ತೀಯೇನು?"

ಅಲ್ಲಿಯೇ ಗೋಡೆಗೆ ಒರಗಿ, ಬೀಸುವ ಪದದ ಧಾಟಿಯಲ್ಲಿ ಹಾಡಿದರು.

ಎಲ್ಲಾರು ಉಂಡಾರು ಎದ್ದು ಕೈ ತೊಳೆದಾರು
ಒಲಿಮುಂದ ಕುಂತಾಳ ನಮ ಸೊಸಿ | ಭಾರತಿ
ಉಳದೈತಿ ಏನ ಬುಟ್ಟ್ಯಾಗ

ಕಾಶಿಯ ಮೈದುನಗ ಕರಿಮಣ್ಣ ಮೈದುನಗ
ಬ್ಯಾಸರದೆ ರೊಟ್ಟಿ ಬಡಿಸ್ಯಾಳ | ಭಾರತಿ
ಈಸ ತನಗಂತ ಇಟ್ಟಿಲ್ಲ

"ಎಲ್ಲಾರೂ ಆಕಿಗೆ ಕಿರೀಟ ಇಡತಾರ, ಹಾರ ಹಾಕತಾರ, ಜಯ ಅಂತಾರ. ಊಟ ಮಾಡಿದೇನವ್ವಾ ಅಂತ ಇಪ್ಪತ್ತೈದ ವರ್ಷದಾಗ ಒಬ್ಬರರ ಕೇಳ್ಯಾರೇನು? ಈ ವರ್ಷ ಕೇಳಿದರ ಆತು. ನಾ ಸಾಲಿ ಕಲತಾಕಿ ಅಲ್ಲ ಬಾಯಿ, ದೇಶಕ್ಕ ಕೊಡಾಕ ನನ್ನ ಕಡೆ ಬ್ಯಾರೆ ಏನೂ ಇಲ್ಲ. ಇದೊಂದೈತಿ."

ನಾನು ಹೆಡ್‌ಮಾಸ್ತರರನ್ನು ಕೇಳಿದೆ. ಕೇಳಿದ ರೀತಿ ಮಾತ್ರ ಹೇಗಿತ್ತು ಅನ್ನುತ್ತೀರಿ? ಅವರು ಬೇಡ ಎಂದರೆ ಸಾಕಪ್ಪ ಎಂಬಂತಿತ್ತು! ಸಾಹೇಬರ ಮುಂದೆ ನಮ್ಮ ಮನೆಯ ರೊಟ್ಟಿಬುಟ್ಟಿಯನ್ನು ಹಾಡಿಸುವುದು ನನಗೇ ನಾಚಿಕೆ. ಹೆಡ್‌ಮಾಸ್ತರರು ನನ್ನ ಆಸೆ ನೆರವೇರಿಸಿದರು.

"ಬಾಯಾರ, ರಾಷ್ಟ್ರದ ಹಬ್ಬದಾಗ ರೊಟ್ಟಿ ಬುಟ್ಟಿ? ಸಾಹೇಬರು ಏನ ಅನಕೋಬೇಕು? ದೇಶ ಉಪವಾಸ ಐತಿ ಅಂತಲೊ?"

ಆ ವರ್ಷ ಮಳೆ ಮುಖ ತೋರಿಸಿರಲಿಲ್ಲ. ರೇಷನ್ ಅಂಗಡಿಯ ಕೆಂಪು ಜೋಳದ ರೊಟ್ಟಿ ತಿನ್ನುವ ದಿನಗಳು. ಉಪವಾಸ ಎಂಬ ಮಾತು ಯಾರಿಗೂ ಬೇಡವಾಗಿತ್ತು. ಮನೆಗೆ ಬಂದು ಅತ್ತೆಗೆ, "ವೇಳೆ ಸಾಲೂದಿಲ್ಲಂತ್ರಿ, ಹಾಡು ಭಾಳ ಆಗ್ಯಾವಂತ" ಎಂದು ಸುಳ್ಳು ಹೇಳಿದೆ. ಅತ್ತೆ ವಾದ ಮಾಡಲಿಲ್ಲ. ಅತ್ತೆ ವಾದ ಮಾಡಲಿಲ್ಲ ಎಂದರೆ ಎಷ್ಟು ನೊಂದಿದ್ದರು ಎಂದು ನೀವೇ ತಿಳಿಯಿರಿ. "ಇರಲಿ ಬಿಡು" ಎಂದು ಒಲೆಯ ಕಡೆ ತಿರುಗಿದರು. ಆಮೇಲೆ ಹಾಡಿನ ಮಾತು ಎತ್ತಲಿಲ್ಲ. ಹೊಲದಲ್ಲಿ, ಬಾವಿಯ ಹತ್ತಿರ ಹೆಂಗಸರ ಜತೆ ಗುನುಗುವುದು ಕೇಳುತ್ತಿತ್ತು, ಅಷ್ಟೆ.

ಈಗ ನಮ್ಮ ಹೆಡ್‌ಮಾಸ್ತರರು ಮಾಡಿದ ಘನಂದಾರಿ ತಪ್ಪನ್ನು ಹೇಳಬೇಕು. ಆ ವರ್ಷ ಪಂಚಮಿ ಹಬ್ಬ ಬಂದದ್ದು ಸರಿಯಾಗಿ ಆಗಸ್ಟ್ ಹದಿನಾಲ್ಕಕ್ಕೆ. ಪಂಚಮಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಣ್ಣ ಬಂದು ಕರೆದೊಯ್ಯಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಜೀಕಬೇಕು. ಭೂಮಿ ತಿರುಗುವುದು ನಿಂತರೂ ಇದು ನಿಲ್ಲದು. ಹೆಡ್‌ಮಾಸ್ತರರು ಸರ್ಕಾರಿ ಕ್ಯಾಲೆಂಡರು ನೋಡಿದರೇ ಹೊರತು ಹೆಂಗಸರ ಕ್ಯಾಲೆಂಡರು ನೋಡಲಿಲ್ಲ. ನನ್ನ ರಜೆಯನ್ನು ರದ್ದು ಮಾಡಿದರು. ಕರೆಯಲು ಬಂದ ನನ್ನ ಅಣ್ಣ ಚಹಾ ಕುಡಿದು ವಾಪಸಾದ.

ಅತ್ತೆ ಹೆಡ್‌ಮಾಸ್ತರರ ಮನೆಯ ಮುಂದೆಯೇ ನಿಂತು ಕೇಳಿದರು, "ಪಂಚಮಿಗೆ ಹೆಣ್ಮಗಳನ್ನ ತವರಿಗೆ ಬಿಡಲಾರದ್ದು ಅದ್ಯಾವ ಸ್ವಾತಂತ್ರ್ಯ ಗುರೂಜಿ?" ಹೆಡ್‌ಮಾಸ್ತರರ ಪರವಾಗಿ ಜಗಳಕ್ಕೆ ನಿಲ್ಲಬೇಕಾದ ಅವರ ಹೆಂಡತಿಯೇ ತವರಿಗೆ ಹೋಗಿದ್ದರು!

ಹದಿನೈದರ ಬೆಳಿಗ್ಗೆ ಕತ್ತಲಿರುವಾಗಲೇ ನಾನು ಏನೂ ತಿನ್ನದೆ ಸಾಲಿಗೆ ಓಡಿದೆ. ಹೋಗಿ ನೋಡಿದರೆ ಭಾರತಮಾತೆಯೇ ನಾಪತ್ತೆ! ವೇಷ ಹಾಕಬೇಕಾಗಿದ್ದ ಏಳನೇ ಇಯತ್ತೆಯ ಹುಡುಗಿ ಅವ್ವನ ಜತೆ ಅಜ್ಜಿಯ ಊರಿಗೆ, ಬಿಳೂರಿಗೆ ಹೋಗಿದ್ದಳು. ಉಳಿದ ಹುಡುಗಿಯರೂ ಹಾಗೆಯೇ, ಯಾವ ಯಾವುದೋ ಊರಿನ ಜೋಕಾಲಿಯ ಮೇಲೆ. ಹೆಡ್‌ಮಾಸ್ತರರ ಕೈಯಲ್ಲಿ ರಟ್ಟಿನ ಕಿರೀಟ, ಕಣ್ಣಲ್ಲಿ ನೀರು. ತವರಿಗೆ ಹೋಗದೆ ಉಳಿದ, ಸೀರೆ ಉಡಬಲ್ಲ, ಸಾಲಿಗೆ ಸಂಬಂಧಪಟ್ಟ ಹೆಣ್ಣು ಒಬ್ಬಳೇ ಇದ್ದಳು.

ಹೀಗೆ ನಾನು ಭಾರತಮಾತೆಯಾದೆ.

ಕೇಸರಿ ಸೀರೆ, ಬಂಗಾರದ ಕಾಗದ ಅಂಟಿಸಿದ ಕಿರೀಟ, ಕೈಯಲ್ಲಿ ಬಾವುಟ. ಮೇಜುಗಳನ್ನು ಜೋಡಿಸಿ ಮಾಡಿದ ವೇದಿಕೆಯ ಮೇಲೆ ಅಲುಗಾಡದೆ ನಿಲ್ಲಬೇಕು. ಸಾಹೇಬರ ಜೀಪು ದಾರಿಯಲ್ಲಿ ಕೆಟ್ಟು ಎರಡು ತಾಸು ತಡ. ಬಿಸಿಲು ಏರಿತು. ಕಿರೀಟದ ಅಂಚು ಹಣೆಯನ್ನು ಕೊರೆಯುತ್ತಿತ್ತು. ಸಾಹೇಬರು ಬಂದರು, ಬಾವುಟ ಏರಿತು, ಹೆಡ್‌ಮಾಸ್ತರರ ಹಾಡಾಯಿತು. ನನ್ನ ತಲೆಯ ಮೇಲೆ ಹಿಮಗಿರಿ, ಕಾಲಲ್ಲಿ ಸಾಗರ, ಹೊಟ್ಟೆಯಲ್ಲಿ ಮಾತ್ರ ಏನೂ ಇಲ್ಲ! ಆಮೇಲೆ ಭಾಷಣ ಶುರುವಾಯಿತು. ಮೊದಲು ಹೆಡ್‌ಮಾಸ್ತರರದು. ಓ ತಾಯೀ, ಓ ಜನನೀ ಎಂದು ನನ್ನ ಕಡೆ ಕೈ ಮಾಡಿ ಮಾಡಿ ಮಾತಾಡಿದರು. ನನಗೆ ಎದುರಿನ ಮಂದಿ ಎರಡೆರಡಾಗಿ ಕಾಣತೊಡಗಿದರು.

ಎದುರಿಗೆ ಕೂತ ಹೆಂಗಸರಿಗೆ ಭಾಷಣ ಸಾಕಾಗಿತ್ತು. ನಿನ್ನೆಯಷ್ಟೇ ಪಂಚಮಿ ಜೋಕಾಲಿ ಮುಗಿಸಿದವರು, ಊರಿನ ಹಿರಿಯ ಹೆಂಗಸರ ಜತೆ ಹಬ್ಬಕ್ಕೆ ತವರೆಂದು ಬಂದ ಹೆಣ್ಣುಮಕ್ಕಳೂ ಬಹಳ. ಜೋಕಾಲಿ ಹತ್ತಿದವಳು ಒಡಪು ಕಟ್ಟಿ ಗಂಡನ ಹೆಸರು ಹೇಳುವವರೆಗೆ ಇಳಿಯಲು ಬಿಡುವ ಪದ್ಧತಿ ಇಲ್ಲ. ಸಿಂಗಾರ ಮಾಡಿಕೊಂಡು ಎತ್ತರದಲ್ಲಿ ನಿಂತ ಹೆಣ್ಣನ್ನು ಕಂಡರೆ ಅವರ ಬಾಯಿ ಸುಮ್ಮನಿದ್ದೀತೇ?

"ಹೆಸರ ಹೇಳ ನಮ್ಮವ್ವ!" ಎಂದಳೊಬ್ಬಳು.

"ಹೂಂ, ಗಂಡನ ಹೆಸರ ಹೇಳಿ ಇಳೀರಿ!" ಎಂದಳು ಇನ್ನೊಬ್ಬಳು. ಅಷ್ಟೇ, ಇಡೀ ಹೆಂಗಸರ ಸಾಲು ಚಪ್ಪಾಳೆ ತಟ್ಟತೊಡಗಿತು. "ಹೆಸರ ಹೇಳ! ಹೆಸರ ಹೇಳ!"

ಹೆಡ್‌ಮಾಸ್ತರರು ಭಾಷಣ ಬಿಟ್ಟು ಕಿರುಚಿದರು, "ಏ ಸುಮ್ಮಕುಂದ್ರೀ! ಆಕಿ ಭಾರತಮಾತಾ! ಆಕಿಗೆ ಗಂಡ ಇಲ್ಲ!"

ಚಪ್ಪಾಳೆ ನಿಂತಿತು. ಮೊದಲ ಸಾಲಿನಲ್ಲೇ ಕೂತಿದ್ದ ನನ್ನ ಗಂಡ ಪಾಪ ಒಂದು ಸಲ ತನ್ನನ್ನು ತಾನೇ ಮುಟ್ಟಿ ನೋಡಿಕೊಂಡ.

ಆಗ ಹೆಂಗಸರ ನಡುವಿನಿಂದ ಅತ್ತೆ ಎದ್ದರು. ಸೊಂಟದಲ್ಲಿ ಬುತ್ತಿಗಂಟು. "ಗಂಡನ ಮಾತ ಆಮ್ಯಾಲೆ ಆಡ್ರಿ ಗುರೂಜಿ. ಆಕಿ ಬೆಳಗಿನಿಂದ ನಿಂತಾಳ. ಮಾರಿ ನೋಡ್ರಿ, ಬೆಳ್ಳಗಾಗೇತಿ." ಸಭೆಯನ್ನು ಸೀಳಿಕೊಂಡು ಬಂದು ಮೇಜು ಹತ್ತಿದರು. ನನ್ನ ಕೈಯಿಂದ ಬಾವುಟವನ್ನು ಎರಡೂ ಕೈಯಿಂದ ತೆಗೆದುಕೊಂಡು, ಹಣೆಗೆ ಒತ್ತಿ, ದಂಗಾಗಿ ನಿಂತಿದ್ದ ಹೆಡ್‌ಮಾಸ್ತರರ ಕೈಗೆ ಕೊಟ್ಟರು. "ಹಿಡೀರಿ. ಕೆಳಗ ಬಿಡಬ್ಯಾಡ್ರಿ." ಕಿರೀಟ ಎತ್ತಿ ಪಕ್ಕಕ್ಕಿಟ್ಟರು. ನನ್ನ ಭುಜ ಒತ್ತಿ ಕೂರಿಸಿದರು.

ನಾನು ಸಾಹೇಬರ ಮುಖ ನೋಡಿದೆ, ನೌಕರಿ ಹೋಯಿತೆಂದೇ ಲೆಕ್ಕ. ಆಗ ಹೆಂಗಸರ ಸಾಲಿನ ಹಿಂದಿನಿಂದ ಯಾರೋ ಮೆಲ್ಲಗೆ ಎತ್ತಿದರು, "ಎಲ್ಲಾರು ಉಂಡಾರು..." ಎರಡನೇ ಸಾಲಿಗೆ ಹತ್ತು ಧ್ವನಿ, ಮೂರನೆಯದಕ್ಕೆ ಎಲ್ಲರೂ. ಅತ್ತೆ ಹೊಲದಲ್ಲಿ, ನೀರು ಸೇದುವಾಗ ಗುನುಗಿದ್ದೆಲ್ಲ ಊರ ಹೆಂಗಸರ ಬಾಯಲ್ಲಿ ಉಳಿದು, ನಿನ್ನೆಯ ಜೋಕಾಲಿಯಲ್ಲಿ ತವರಿಗೆ ಬಂದವರಿಗೂ ಹತ್ತಿತ್ತು. ನನಗೆ ಗೊತ್ತಿಲ್ಲದ ನುಡಿಯೊಂದನ್ನೂ ಹಾಡಿದರು.

ಅತ್ತೊಬ್ಬ ಇತ್ತೊಬ್ಬ ಎರಡ ಮಾತಾಡ್ಯಾರ
ತುತ್ತಿಗೆ ಬಂದು ಕುಂತಾರ | ಸಾಲಾಗಿ
ಬುತ್ತಿ ಎಲ್ಲರಿಗೂ ಒಂದೈತಿ

ಸಾಹೇಬರು ಎದ್ದು ನಿಂತರು. ಬೈಯುತ್ತಾರೆಂದು ನಾನು ಏಳಲು ಹೋದೆ. ಅವರು ಕೈ ಮುಗಿದು, "ವಹಿನೀ, ಆಧೀ ಜೇವಾ" ಎಂದರು. ವೈನಿ, ಮೊದಲು ಊಟ ಮಾಡ್ರಿ. ತಮ್ಮ ಭಾಷಣದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಕುಳಿತೇಬಿಟ್ಟರು. ಹೆಡ್‌ಮಾಸ್ತರರು ಬಾವುಟ ಹಿಡಿದು ಅಟೆನ್ಷನ್‌ನಲ್ಲಿ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವರ ತುಟಿಯೂ ಹಾಡಿನ ಜತೆ ಅಲುಗುವುದು ಕಂಡಿತು.

ಅತ್ತೆ ಗಂಟು ಬಿಚ್ಚಿದರು. ಕೆಂಪು ಜೋಳದ ಎರಡು ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ. ಮುರಿದು ನನ್ನ ಬಾಯಿಗಿಟ್ಟರು. ಊರೆಲ್ಲ ನೋಡುತ್ತಿದ್ದರೂ ನಾಚಿಕೆಯಾಗಲಿಲ್ಲ, ಅಷ್ಟು ಹಸಿದಿದ್ದೆ. ಎರಡನೇ ತುತ್ತು ಅಗಿಯುವಾಗ ಅವರ ಕೈ ನೋಡಿದೆ. ಬಟ್ಟೆಗೆ ಅಂಟಿದ್ದ ರೊಟ್ಟಿಯ ಚೂರನ್ನೂ ಬೆರಳ ತುದಿಯಿಂದ ಆಯ್ದು ನನ್ನ ತುತ್ತಿಗೇ ಸೇರಿಸುತ್ತಿದ್ದರು. ಬುಟ್ಟಿಯಲ್ಲಿ ಇವತ್ತು ಎಷ್ಟು ರೊಟ್ಟಿ ಆಗಿದ್ದವು ಎಂದು ನಾನು ಯೋಚಿಸಿದ್ದು ಆಗಲೇ. ನಾಲ್ಕು ಗಂಡಸರು ಉಂಡು ಹೋಗಿದ್ದರು. ಉಳಿದದ್ದು ಈ ಎರಡು, ಅವರ ಪಾಲೂ ಇದರೊಳಗೇ. ಮೂರು ವರ್ಷ ದಿನಾ ಅವರು ತಂದ ಬುತ್ತಿ ಬಿಚ್ಚಿ ಉಂಡವಳು ನಾನು. ಹಾಡನ್ನು ಅವರ ಬಾಯಿಂದಲೇ ಕೇಳಿ, ಅದು ದೇಶದ್ದೆಂದೇ ತಿಳಿದು, ಸುಳ್ಳು ಹೇಳಿ ತಳ್ಳಿದವಳೂ ನಾನೇ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಅತ್ತೀ," ಎಂದೆ, "ನೀವು ಊಟ ಮಾಡೀರೇನು?"

ಅವರು ತುತ್ತು ಕಲಸುತ್ತಿದ್ದ ಕೈ ನಿಲ್ಲಿಸಿದರು. ಆ ಮನೆಗೆ ಬಂದು ಅವರಿಗೆ ಮೂವತ್ತು ವರ್ಷದ ಹತ್ತಿರವಾಗಿತ್ತು. ಸುತ್ತ ಹೆಂಗಸರು ಹಾಡುತ್ತಲೇ ಇದ್ದರು. ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆಮೇಲೆ ಸಣ್ಣ ಕೂಸು ತಲೆ ಆಡಿಸುವ ಹಾಗೆ, ಇಲ್ಲ ಎಂದು ತಲೆ ಆಡಿಸಿದರು.

ನಾನು ಉಳಿದಿದ್ದ ರೊಟ್ಟಿಯನ್ನು ಅವರ ಕೈಯಿಂದ ತೆಗೆದುಕೊಂಡು ಮುರಿದೆ. "ಬಾಯಿ ತಗೀರಿ" ಎಂದೆ.